ಹಿಮದ ಇಳಿಜಾರನ್ನು ನಂಬುವ ಮುನ್ನ

ಸೊರಬದ ಚಂದ್ರಗುತ್ತಿ ಗುಡ್ಡ ಹತ್ತಿ ಪಳಗಿದ ಹುಡುಗರು ಈಗ ಚಳಿಗಾಲದಲ್ಲಿ ಹಿಮಾಲಯದ ಚಾರಣಕ್ಕೂ ಹೊರಡುತ್ತಾರೆ. ನಮ್ಮ ಗುಡ್ಡದಲ್ಲಿ ಕಾಲು ಗಟ್ಟಿಯಿದ್ದರೆ ಸಾಕು. ಅಲ್ಲಿ ಕಾಲಡಿಯ ಹಿಮವೂ ಗಟ್ಟಿಯಿರಬೇಕು.

ಹಿಮಪಾತದ ಪೆಟ್ಟು ಕರ್ನಾಟಕಕ್ಕೆ ಹೊಸದಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮಗೋಡೆ ಕುಸಿದು 10 ಯೋಧರು ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ ಜೀವಂತ ಸಿಕ್ಕರೂ ಫೆಬ್ರುವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡವೇ ಹಿಮಪಾತಕ್ಕೆ ಸಿಲುಕಿತು.

ಹಿಮ ಒಂದೇ ರಾಶಿಯಲ್ಲ, ಪದರ ಪದರವಾಗಿ ಕೂರುತ್ತದೆ. ತೆಳುವಾದ ಹಿಮದ ಮೇಲ್ಭಾಗ ಕೊರೆಯುವ ಚಳಿಯಲ್ಲಿದ್ದರೆ ನೆಲಕ್ಕೆ ತಾಗಿದ ಭಾಗ ಅಷ್ಟು ತಣ್ಣಗಿರುವುದಿಲ್ಲ. ಈ ವ್ಯತ್ಯಾಸದಿಂದ ಆವಿ ಮೇಲೇರುತ್ತಾ ಹೋಗಿ, ಒಳಗಿನ ಕಣಗಳು ಸಕ್ಕರೆ ಹರಳಿನಂತೆ ಒಂದಕ್ಕೊಂದು ಅಂಟದೆ ಉಳಿಯುತ್ತವೆ. ಅದರ ಮೇಲೆ ಹೊಸ ಹಿಮವನ್ನು ಗಾಳಿ ತಂದು ಹಾಸಿ ಗಟ್ಟಿ ಮಾಡಿದರೆ ಅಪಾಯ ಸಿದ್ಧ. ಒಬ್ಬರ ತೂಕಕ್ಕೇ ದುರ್ಬಲ ಪದರ ಮುರಿದು ಮೇಲಿನ ಹಾಸು ಇಡಿಯಾಗಿ ಜಾರಬಹುದು. ಹೀಗಾಗುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ.

ಬಲ್ಲವರು ಇದನ್ನು ಅಗೆದು ನೋಡುತ್ತಾರೆ. ಹಿಮದಲ್ಲಿ ಗುಂಡಿ ತೋಡಿ, 30 ಸೆಂಟಿಮೀಟರ್ ಚೌಕದ ಕಂಬ ಬಿಡಿಸಿ, ಅದರ ತಲೆಯ ಮೇಲೆ ಸಲಿಕೆಯಿಟ್ಟು ತಟ್ಟುತ್ತಾರೆ. ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಏಟು. ಮೊದಲ ಏಟುಗಳಿಗೇ ಪದರ ಕಳಚಿದರೆ ಆ ಇಳಿಜಾರು ಬೇಡ. ಆದರೆ ಒಂದು ಗುಂಡಿ ಇಡೀ ಬೆಟ್ಟಕ್ಕೆ ಜಾಮೀನಲ್ಲ. ಪಕ್ಕದ ಇಳಿಜಾರಿನಲ್ಲಿ ಹೊಸ ಕುಸಿತ, ಕಾಲಿಟ್ಟಾಗ ‘ಧುಮ್’ ಎಂಬ ಸದ್ದು, ಓಡುವ ಬಿರುಕು ಕಂಡರೆ ಗುಂಡಿ ತೋಡುವ ಅಗತ್ಯವೂ ಇಲ್ಲ, ಹಿಂದಿರುಗಬೇಕು.

ನಮ್ಮಲ್ಲಿ ಹಿಮಪಾತದ ಮುನ್ಸೂಚನೆ ಕೊಡುವುದು ಡಿಆರ್‌ಡಿಒದ ಚಂಡೀಗಢದ ಪ್ರಯೋಗಾಲಯ ಡಿಜಿಆರ್‌ಇ. ಅಪಾಯಕ್ಕೆ ಐದು ಹಂತಗಳಿವೆ. ಮೂರನೆಯದನ್ನು ‘ನಡುವಿನದು, ಪರವಾಗಿಲ್ಲ’ ಎಂದು ಓದಬಾರದು. ಯುರೋಪಿನ ಆಲ್ಪ್ಸ್‌ನಲ್ಲಿ ಅನೇಕ ಸಾವು ಸಂಭವಿಸಿದ್ದು ಆ ಹಂತದಲ್ಲೇ.

ಹೂತವರು ಬದುಕುವ ಸಾಧ್ಯತೆ ಹತ್ತು ಹದಿನೈದು ನಿಮಿಷ ಕಳೆದರೆ ಕಡಿದಾಗಿ ಇಳಿಯುತ್ತದೆ. ಹೊರಗಿನ ನೆರವು ಅಷ್ಟರಲ್ಲಿ ಬಾರದು. ಹಾಗಾಗಿ ಸಂಕೇತ ಕಳಿಸುವ ಬೀಕನ್, ಚುಚ್ಚಿ ಹುಡುಕುವ ಉದ್ದನೆಯ ಕಡ್ಡಿ, ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಬೇಕು.

ಯೋಧನಿಗೆ ಠಾಣೆ ಬಿಡುವ ಆಯ್ಕೆಯಿಲ್ಲ, ಚಾರಣಿಗನಿಗೆ ಇದೆ. ಮುಂಗಡ ಕಟ್ಟುವ ಮುನ್ನ ಆಯೋಜಕರನ್ನು ಕೇಳಿ: ಮುನ್ಸೂಚನೆ ಯಾರು ನೋಡುತ್ತಾರೆ? ಹಿಮ ಪರೀಕ್ಷಿಸಲು ಯಾರಿಗೆ ಬರುತ್ತದೆ? ಅಪಾಯ ಕಂಡರೆ ಶಿಖರ ಬಿಟ್ಟು ಇಳಿಯಲು ತಯಾರಿದ್ದೀರಾ? ಉತ್ತರ ತಡವರಿಸಿದರೆ ದುಡ್ಡು ಕಟ್ಟಬೇಡಿ.