ಬ್ಯಾರನ್ನಿನ ಹಳದಿ, ಪರದೆಯ ಹಳದಿ

ಹನಗೋಡಿನ ಸುತ್ತಲಿನ ಊರುಗಳಲ್ಲಿ ಹೊಗೆಸೊಪ್ಪಿನ ಕೃಷಿಯನ್ನು ಬಲ್ಲವರಿಗೆ ಬಣ್ಣವೆಂಬುದು ಕೇವಲ ಅಲಂಕಾರದ ವಿಷಯವಲ್ಲ. ಸೊಪ್ಪನ್ನು ಕಾಯಿಸಿ ಒಣಗಿಸುವ ಕೋಣೆಯಾದ ಬ್ಯಾರನ್ನಿನೊಳಗೆ ತೂಗುಹಾಕಿದ ಹಸಿ ಸೊಪ್ಪು ಶಾಖಕ್ಕೆ ಮೆಲ್ಲಮೆಲ್ಲನೆ ಹಳದಿಗೆ ತಿರುಗಿ, ಆ ಹಳದಿ ನಿಂತು, ಕಡೆಗೆ ಎಲೆಯ ನಡುನರವೂ ಒಣಗುವವರೆಗೆ ಅವರ ಕಣ್ಣು ಗುರುತಿಸುವ ಸೂಕ್ಷ್ಮ ಛಾಯಾಭೇದಗಳೇ ಹರಾಜುಕಟ್ಟೆಯಲ್ಲಿ ಬೆಲೆಯಾಗಿ ಪರಿಣಮಿಸುತ್ತವೆ. ಬೆಂಕಿ ಕಾಯುತ್ತಿದ್ದ ಹುಡುಗ ಹೊರತೆಗೆದ ಒಂದೆಲೆಯನ್ನು ಬಲ್ಬಿನ ಬೆಳಕಿನಲ್ಲಿ ಚಿತ್ರಿಸಿ, ಫೋನು ತಾನಾಗಿ ಒದಗಿಸುವ 'ಸುಧಾರಣೆ'ಯ ಗುಂಡಿಯನ್ನೊತ್ತಿ, ಜಗಲಿಯ ಮೇಲೆ ಕುಳಿತಿದ್ದ ಮನೆಯ ಹಿರಿಯರಿಗೆ ನಾನು ತೋರಿಸಿದಾಗ ಅವರು ಕೇಳಿದ್ದು ಇಷ್ಟೆ: "ಇದ್ಯಾರ ಮನೆ ಸೊಪ್ಪು?"

ತಿದ್ದುವುದೇ ಅಪರಾಧವೆಂದು ನಾನು ಹೇಳಲಾರೆ. ಹಿಂದಿನ ಸ್ಟುಡಿಯೋದವರು ನೆಗೆಟಿವಿನ ಮೇಲೆ ಮೊನಚಾದ ಪೆನ್ಸಿಲ್ಲನ್ನಾಡಿಸಿ ಎಷ್ಟೋ ವರರ ಸಿಡುಬಿನ ಕಲೆಗಳನ್ನು ಮರೆಸಿದ್ದುಂಟು. ಥಾಮಸ್ ಮತ್ತು ಜಾನ್ ನಾಲ್ ಸಹೋದರರು ರೂಪಿಸಿದ ಫೋಟೋಶಾಪ್ 1990ರಲ್ಲಿ ಹೊರಬಂದ ಮೇಲೆ ಆ ಕೈಚಳಕ ಗಣಕಯಂತ್ರಕ್ಕೆ ಬಂದಿತು. 2013ರಿಂದೀಚೆಗೆ ಅದರ ಹೊಸ ಆವೃತ್ತಿಗಳು ಬಾಡಿಗೆ ಮನೆಯಂತೆ, ಹಣ ಕಟ್ಟುವಷ್ಟು ಕಾಲ ಮಾತ್ರ ನಮ್ಮವು. ಮದುವೆಯ ಚಿತ್ರಗಳಿಂದಲೇ ಜೀವಿಸುವವರಿಗೆ ಆ ವೆಚ್ಚ ಸಲ್ಲಬಹುದು. ಉಳಿದವರಿಗೆ, ಬರ್ಕ್ಲಿಯ ವಿದ್ಯಾರ್ಥಿಗಳಿಬ್ಬರು 1995ರಲ್ಲಿ ಕೈಗೊಂಡ ಗಿಂಪ್ ಉಚಿತವಾಗಿದೆ, ಫೋನಿನಲ್ಲಿ ಸ್ನ್ಯಾಪ್‌ಸೀಡ್ ಇದೆ. ಕ್ಯಾಮೆರಾ ಇಟ್ಟುಕೊಂಡವರಿಗೆ ನಾನು ಡಾರ್ಕ್‌ಟೇಬಲ್ಲನ್ನು ಹೇಳುವೆನು. ಅದೂ ಉಚಿತ, ಮೇಲಾಗಿ ಮೂಲಚಿತ್ರವನ್ನು ಮುಟ್ಟದೆ ತಿದ್ದುಪಡಿಗಳನ್ನು ಬೇರೊಂದು ಕಡತದಲ್ಲಿ ಬರೆದಿಡುವ ಸೌಜನ್ಯವುಳ್ಳದ್ದು. ಕಲಿಯಲು ತಾಳ್ಮೆ ಬೇಕೆಂಬುದನ್ನು ಮಾತ್ರ ಮುಚ್ಚಿಡಲಾರೆ.

ತಂತ್ರಾಂಶ ಯಾವುದೇ ಆಗಲಿ, ಅದಕ್ಕೆ ಕೊಡುವ ಕಡತ ಬಡವಾಗಿದ್ದರೆ ಫಲವಿಲ್ಲ. ಜೆಪೆಗ್ ಚಿತ್ರದಲ್ಲಿ ಕೆಂಪು, ಹಸುರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲುಗಳಷ್ಟೇ ಉಂಟು. ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ ಹದಿನಾಲ್ಕು ಬಿಟ್ಟಿನ ರಾ ಕಡತದಲ್ಲಿ 16,384. ಹಳದಿಯೊಂದರಲ್ಲೇ ಹತ್ತು ಬಗೆಯನ್ನು ಕಾಣುವ ಜನರ ನಡುವೆ ಇರುವವನು ಈ ವ್ಯತ್ಯಾಸವನ್ನು ಅಲಕ್ಷಿಸುವಂತಿಲ್ಲ.

ಬಣ್ಣ ತಿದ್ದುವುದೇ ಒಂದು, ಇರುವುದನ್ನು ಅಳಿಸುವುದೇ ಇನ್ನೊಂದು. ಪಕ್ಕದ ನಾಗರಹೊಳೆ ಕಾಡಿನಲ್ಲಿ ತೆಗೆದ ಜಿಂಕೆಯ ಮೊಗಕ್ಕೆ ಅಡ್ಡ ಬಂದ ರೆಂಬೆಯನ್ನು ಅಳಿಸುವ ಆಸೆ ಎಂಥವರಿಗೂ ಆದೀತು. ಆದರೆ ವನ್ಯಜೀವಿ ಚಿತ್ರಸ್ಪರ್ಧೆಗಳ ನಿಯಮಗಳು ಸಾಮಾನ್ಯವಾಗಿ ಅದನ್ನು ಒಪ್ಪವು. ಬೆಳಕು ಸರಿಪಡಿಸಬಹುದು, ಅಂಚು ಕತ್ತರಿಸಬಹುದು, ಇದ್ದುದನ್ನು ಇಲ್ಲವಾಗಿಸಬಾರದು.

ಹಿರಿಯರು ಯಾರ ಮನೆ ಸೊಪ್ಪೆಂದು ಕೇಳಿದ ಆ ರಾತ್ರಿ ನಾನು ಫೋನನ್ನು ರಾ ಕ್ರಮಕ್ಕೆ ತಿರುಗಿಸಿ ಅದೇ ಎಲೆಯನ್ನು ಮತ್ತೆ ಚಿತ್ರಿಸಿದೆ. ವೈಟ್ ಬ್ಯಾಲೆನ್ಸ್ ಎಂಬ ಉಪಕರಣಕ್ಕೆ ಚಿತ್ರದಲ್ಲಿ ಬಿಳಿಯದು ಯಾವುದೆಂದು ನಾವು ಬೆರಳಿಟ್ಟು ತೋರಿಸಿದರೆ ಉಳಿದ ಬಣ್ಣಗಳನ್ನೆಲ್ಲ ಅದು ಅದಕ್ಕೆ ತಕ್ಕಂತೆ ಹೊಂದಿಸುವುದು. ಹಿಂದಿನ ಸುಣ್ಣದ ಗೋಡೆಯನ್ನು ತೋರಿಸಿದೆ. ಮಾಸಿದ ಆ ಸುಣ್ಣಕ್ಕೂ ಹಳದಿ ಏರಿತ್ತಾದುದರಿಂದ, ಅದನ್ನು ಬಿಳಿಯಾಗಿಸುವ ಭರದಲ್ಲಿ ಸೊಪ್ಪು ಮಂಕಾಗಿ ನೀಲಿಯ ಕಡೆಗೆ ವಾಲಿತು. ಆಮೇಲೆ ಹುಡುಗನ ನೋಟುಪುಸ್ತಕದಿಂದ ಗೆರೆಯಿಲ್ಲದ ಹಾಳೆಯೊಂದನ್ನು ಹರಿದು ಎಲೆಯ ಮಗ್ಗುಲಿಗಿಟ್ಟು ಇನ್ನೊಂದು ಚಿತ್ರ ತೆಗೆದು, ಆ ಹಾಳೆಯ ಮೇಲೆ ಬೆರಳಿಟ್ಟೆ. ಕಿತ್ತಳೆಯ ಕಾವು ಇಳಿದು, ನಡುನರದ ಬುಡದಲ್ಲಿ ಅದುವರೆಗೆ ಅಡಗಿದ್ದ ಎಳೆಹಸುರು ಮೇಲೆದ್ದಿತು.

ಹಿರಿಯರು ಫೋನನ್ನು ದೂರ ಹಿಡಿದು ನೋಡಿದರು. ಚಿತ್ರ ಚೆನ್ನಾಗಿದೆಯೆಂದು ಅವರು ಹೇಳಲಿಲ್ಲ. "ನರ ಇನ್ನೂ ಒಣಗಿಲ್ಲ, ಒಂದಿನ ಕಾಯ್ಬೇಕು" ಎಂದು ಒಳಗಿನ ಹುಡುಗನನ್ನು ಕೂಗಿ, ಬೆಂಕಿ ತಗ್ಗಿಸಬೇಡವೆಂದರು.