ತಂಬೊಪಾತಾ ನದಿಯ ಮೇಲೆ ಐದು ದಿನದ ದೋಣಿ ಪ್ರವಾಸ

ದಕ್ಷಿಣ ಅಮೆರಿಕದ ಪೆರು ದೇಶದ ಆಗ್ನೇಯ ಮೂಲೆಯಲ್ಲಿ ತಂಬೊಪಾತಾ ಎಂಬ ನದಿಯಿದೆ. ಆಂಡೀಸ್ ಪರ್ವತದ ಪೂರ್ವದ ಇಳಿಜಾರಿನಿಂದ ಇಳಿದು ಬರುವ ಈ ನದಿ ಪ್ವೆರ್ತೊ ಮಾಲ್ದೊನಾದೊ ಎಂಬ ಪಟ್ಟಣದ ಬಳಿ ಮಾದ್ರೆ ದೆ ದಿಯೋಸ್ ಎಂಬ ದೊಡ್ಡ ಹೊಳೆಯನ್ನು ಸೇರುತ್ತದೆ. ಅಲ್ಲಿಂದ ಆ ನೀರು ಬೊಲಿವಿಯ, ಬ್ರೆಜಿಲ್‌ಗಳನ್ನು ಹಾಯ್ದು ಅಮೆಜಾನಿನ ಪಾಲಾಗುತ್ತದೆ. ಪ್ರಪಂಚದ ನಾನಾ ಕಡೆಗಳಿಂದ ಜನ ಈ ಪಟ್ಟಣಕ್ಕೆ ಬಂದಿಳಿದು, ಮಾರ್ಗದರ್ಶಕನೊಬ್ಬನ ಜೊತೆ ನಾಲ್ಕೈದು ದಿನ ದೋಣಿಯಲ್ಲಿ ಕಾಡಿನೊಳಗೆ ಹೋಗಿ ಬರುತ್ತಾರೆ.

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಇಂಥ ಪ್ರವಾಸದ ಮಾತೇಕೆ ಎಂದು ಸದಸ್ಯರು ಕೇಳಬಹುದು. ಕಾರಣ ಇಷ್ಟೆ. ಆ ನದಿಯ ಮೇಲಣ ಕಣಿವೆಯಲ್ಲಿ ಇರುವವರು ನಮ್ಮಂಥ ಸಣ್ಣ ಕಾಫಿ ಬೆಳೆಗಾರರು. ಅವರಿಗೂ ಸಹಕಾರ ಸಂಘಗಳುಂಟು. ಕೆಳಗಣ ಕಾಡಿನಲ್ಲಿ ಕಾಡನ್ನು ಕಡಿಯದೆ ಬಿಟ್ಟರೆ ಮಾತ್ರ ಕೈಗೆ ಸಿಗುವ ಒಂದು ಫಸಲಿದೆ. ಮತ್ತು ದಡದ ಒಂದು ಹಳ್ಳಿ ಪ್ರವಾಸದ ಕಂಪೆನಿಯ ಜೊತೆ ಮಾಡಿಕೊಂಡ ಕರಾರು, ಲೆಕ್ಕಪತ್ರ ಬಲ್ಲ ನಮ್ಮ ಸದಸ್ಯರು ಒಮ್ಮೆ ಓದಿ ನೋಡಬೇಕಾದಂಥದು.

ಮೊದಲು ದೋಣಿಯ ವಿಷಯ. ಉದ್ದನೆಯ, ಅಗಲ ಕಡಿಮೆಯಿರುವ ಮರದ ದೋಣಿ. ಮೇಲೆ ಬಿಸಿಲು ಮಳೆಗೆ ಒಂದು ಚಾವಣಿ, ಹಿಂದೆ ಯಂತ್ರ. ಯಂತ್ರದ ಬಳಿ ಒಬ್ಬ ಕುಳಿತರೆ ಮೂತಿಯಲ್ಲಿ ಇನ್ನೊಬ್ಬ ಉದ್ದನೆಯ ಗಳು ಹಿಡಿದು ನಿಂತಿರುತ್ತಾನೆ. ಬೇಸಿಗೆಯಲ್ಲಿ ನೀರು ಇಳಿದಾಗ ಮರಳದಿಣ್ಣೆ ಎಲ್ಲಿದೆ, ಮುಳುಗಿದ ದಿಮ್ಮಿ ಎಲ್ಲಿದೆ ಎಂದು ಗಳುವಿನಿಂದ ಅಳೆದು ಕೈಸನ್ನೆ ಮಾಡುವುದು ಅವನ ಕೆಲಸ. ನೀರು ಕಂದು ಬಣ್ಣದ್ದು. ಆಂಡೀಸಿನ ಮಣ್ಣು ಅದರಲ್ಲಿ ಕದಡಿ ಬರುತ್ತದೆ. ದಾರಿಯಲ್ಲಿ ಅರಣ್ಯದ ಕಾವಲು ಠಾಣೆಯಲ್ಲಿ ಇಳಿದು ಹೆಸರು ಬರೆಸಬೇಕು. 2000ರಲ್ಲಿ ಸ್ಥಾಪನೆಯಾದ ತಂಬೊಪಾತಾ ರಾಷ್ಟ್ರೀಯ ಮೀಸಲು ಸುಮಾರು 2,75,000 ಹೆಕ್ಟೇರು. ಅದಕ್ಕೆ ತಾಗಿ ಮೇಲೆ ಹತ್ತು ಲಕ್ಷ ಹೆಕ್ಟೇರಿಗೂ ಮೀರಿದ ಬಾವಾಹಾ-ಸೊನೇನೆ ರಾಷ್ಟ್ರೀಯ ಉದ್ಯಾನವಿದೆ, ಅದು 1996ರದು. ಅಲ್ಲಿನ ಮೂಲನಿವಾಸಿಗಳಾದ ಎಸೆ ಎಹಾ ಜನರ ಭಾಷೆಯಲ್ಲಿ ತಂಬೊಪಾತಾ ನದಿಗೇ ಬಾವಾಹಾ ಎಂದು ಹೆಸರು.

ದಟ್ಟ ಕಾಡಿನಲ್ಲಿ ನಡೆದರೆ ಪ್ರಾಣಿ ಕಾಣುವುದು ಅಪರೂಪ ಎಂಬುದು ಪಶ್ಚಿಮಘಟ್ಟದಲ್ಲಿ ಓಡಾಡಿದವರಿಗೆ ಗೊತ್ತು. ಸದ್ದು ಕೇಳುತ್ತದೆ, ಹೆಜ್ಜೆ ಕಾಣುತ್ತದೆ, ಅಷ್ಟೆ. ನದಿಯ ಮೇಲೆ ಹಾಗಲ್ಲ. ಅದು ಪ್ರತಿವರ್ಷ ಹರಿವು ಬದಲಿಸುತ್ತ ಒಂದು ದಡ ಕೊರೆದು ಇನ್ನೊಂದು ದಡಕ್ಕೆ ಮರಳು ಹಾಕುತ್ತದೆ. ಆ ಮರಳಿನ ಮೇಲೆ ಆಮೆಗಳು, ಕೆಲವು ಸಲ ಬಿಸಿಲು ಕಾಯಿಸುವ ಜಾಗ್ವಾರ್ ಸಹ ಕಾಣಸಿಗುತ್ತವೆ. ನದಿ ತನ್ನದೇ ತಿರುವನ್ನು ಕತ್ತರಿಸಿ ನೇರವಾಗಿ ಹರಿದಾಗ ಹಳೆಯ ತಿರುವು ಕುದುರೆ ಲಾಳದ ಆಕಾರದ ಕೆರೆಯಾಗಿ ಉಳಿಯುತ್ತದೆ. ತ್ರೆಸ್ ಚಿಂಬಾದಾಸ್ ಎಂಬುದು ಅಂಥ ಒಂದು ಕೆರೆ. ಇಲ್ಲಿ ಯಂತ್ರದ ದೋಣಿಗೆ ಪ್ರವೇಶವಿಲ್ಲ. ಬೆಳಗಿನ ಮಂಜಿನಲ್ಲಿ ಹುಟ್ಟು ಹಾಕಿಕೊಂಡೇ ಹೋಗಬೇಕು, ಮಾತು ಮೆಲ್ಲಗಿರಬೇಕು.

ಇಷ್ಟು ಕಟ್ಟುನಿಟ್ಟು ಒಂದು ಪ್ರಾಣಿಗಾಗಿ. ದೈತ್ಯ ನೀರುನಾಯಿ ಎನ್ನೋಣ. ಮೂತಿಯಿಂದ ಬಾಲದ ತುದಿಗೆ ಆರು ಅಡಿಯವರೆಗೆ ಬೆಳೆಯುತ್ತದೆ. ತಂದೆ, ತಾಯಿ, ಮಕ್ಕಳು ಕೂಡಿ ಒಂದೇ ಕುಟುಂಬವಾಗಿ ಬೇಟೆಯಾಡುತ್ತವೆ. ಒಂದೊಂದಕ್ಕೆ ದಿನಕ್ಕೆ ಮೂರು ನಾಲ್ಕು ಕಿಲೋ ಮೀನು ಬೇಕು. ಗಂಟಲಿನ ಕೆಳಗೆ ಬಿಳಿಚು ಮಚ್ಚೆಗಳಿದ್ದು, ಒಂದರ ಮಚ್ಚೆಯಂತೆ ಇನ್ನೊಂದರದು ಇರುವುದಿಲ್ಲ. ಮಾರ್ಗದರ್ಶಕರು ಅದನ್ನು ನೋಡಿಯೇ ಇದು ಇಂಥ ಮನೆಯದು ಎಂದು ಗುರುತಿಸುತ್ತಾರೆ. ಇದರ ತುಪ್ಪಳಕ್ಕೆ ಬೆಲೆ ಬಂದು, ಇಪ್ಪತ್ತನೆಯ ಶತಮಾನದ ನಡುವಿನ ಕೆಲವೇ ದಶಕಗಳಲ್ಲಿ ಸಾವಿರಾರು ಪ್ರಾಣಿಗಳು ಬೇಟೆಗೆ ಬಲಿಯಾದವು. 1975ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಒಪ್ಪಂದ ಚರ್ಮದ ವ್ಯಾಪಾರವನ್ನು ತಡೆದ ಮೇಲೆ ಉಳಿದವು ಚೇತರಿಸಿಕೊಂಡವು. ದೋಣಿ ಹತ್ತಿರ ಹೋದರೆ ಮರಿಗಳಿಗೆ ಹಾಲು ಕೊಡುವುದು ತಪ್ಪುತ್ತದೆಂದು ದೂರದಿಂದಲೇ ನೋಡಿಸುತ್ತಾರೆ.

ಕೆರೆಯಂಚಿನ ಪೊದೆಗಳಲ್ಲಿ ಹೋತ್ಸಿನ್ ಎಂಬ ಹಕ್ಕಿ ಕಾಣುತ್ತದೆ. ಇದು ಎಲೆ ತಿಂದು ಬದುಕುವುದು. ದನದ ಹೊಟ್ಟೆಯಲ್ಲಿ ಹುಲ್ಲು ಹುದುಗುವಂತೆ ಇದರ ಗಂಟಲಚೀಲದಲ್ಲಿ ಎಲೆ ಹುದುಗುತ್ತದೆ. ಹಾಗಾಗಿ ಹತ್ತಿರ ಹೋದರೆ ಕೊಟ್ಟಿಗೆಯ ವಾಸನೆ! ಮರಿಗಳ ರೆಕ್ಕೆಯಲ್ಲಿ ಉಗುರುಗಳಿದ್ದು, ಹೆದರಿದರೆ ನೀರಿಗೆ ಹಾರಿ ಮತ್ತೆ ಕೊಂಬೆ ಹತ್ತುತ್ತವೆ.

ಇನ್ನರ್ಧ ದಿನ ನದಿಯ ಮೇಲಕ್ಕೆ ಹೋದರೆ ಪ್ರವಾಸದ ಮುಖ್ಯ ದೃಶ್ಯ. ನದಿ ಕೊರೆದ ಕೆಂಪು ಮಣ್ಣಿನ ದರೆ, ಸುಮಾರು 500 ಮೀಟರು ಉದ್ದ. ಅಲ್ಲಿನವರು ಇಂಥದನ್ನು ಕೋಲ್ಪ ಎನ್ನುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಗಿಣಿಗಳು, ಆಮೇಲೆ ದೊಡ್ಡ ಮಕಾವ್ ಗಿಣಿಗಳು ನೂರಾರು ಸಂಖ್ಯೆಯಲ್ಲಿ ಮರಗಳ ಮೇಲೆ ಬಂದು ಸೇರುತ್ತವೆ. ತಕ್ಷಣ ಇಳಿಯುವುದಿಲ್ಲ, ಧೈರ್ಯ ಮಾಡಿ ಒಂದು ಇಳಿದರೆ ಉಳಿದವು ಹಿಂಬಾಲಿಸಿ ದರೆಗೆ ಅಂಟಿಕೊಂಡು ಮಣ್ಣು ತಿನ್ನುತ್ತವೆ. ಗಿಡುಗನ ನೆರಳು ಬಿದ್ದರೆ ಸಾಕು, ಇಡೀ ದರೆ ಒಂದೇ ಸಲ ಬರಿದಾಗುತ್ತದೆ. ಮಳೆ ಬಂದ ದಿನ ಬರುವುದೇ ಇಲ್ಲ. ಆದ್ದರಿಂದ ಇಲ್ಲಿಗೆ ಒಂದೇ ದಿನದ ಅವಸರದಲ್ಲಿ ಹೋಗುವುದು ಪ್ರಯೋಜನವಿಲ್ಲ. ಎರಡು ರಾತ್ರಿಯಾದರೂ ಉಳಿಯಬೇಕು.

ಮಣ್ಣೇಕೆ ತಿನ್ನುತ್ತವೆ? ಕಾಡಿನ ಅನೇಕ ಬೀಜಗಳಲ್ಲಿ ವಿಷವಿರುತ್ತದೆ, ಜೇಡಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಮೊದಲ ವಿವರಣೆ. ಆಮೇಲಿನ ಸಂಶೋಧನೆಯಲ್ಲಿ ಹಕ್ಕಿಗಳು ಆರಿಸುವ ಪದರಗಳಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ಹೆಚ್ಚಾಗಿರುವುದು ಕಂಡುಬಂತು. ಸಮುದ್ರದಿಂದ ದೂರವಿರುವ, ಮಳೆ ತೊಳೆದ ಆ ನೆಲದಲ್ಲಿ ಉಪ್ಪು ದುರ್ಲಭ. ನಮ್ಮ ಕಾಡಿನಲ್ಲಿ ಕಾಟಿ, ಕಡವೆಗಳು ಉಪ್ಪುಮಣ್ಣು ನೆಕ್ಕುವುದನ್ನು ಕಂಡವರಿಗೆ ಈ ಎರಡನೆಯ ಕಾರಣವೇ ಹೆಚ್ಚು ಹಿಡಿಸೀತು.

ಈಗ ಫಸಲಿನ ಮಾತು. ಬ್ರೆಜಿಲ್ ನಟ್ ಎಂದು ಪೇಟೆಯಲ್ಲಿ ಮಾರುವ ದೊಡ್ಡ ಬೀಜದ ಮರ ಈ ಕಾಡಿನಲ್ಲಿ ತಾನಾಗಿ ಬೆಳೆಯುತ್ತದೆ. ಪೆರುವಿನಲ್ಲಿ ಇದರ ವ್ಯಾಪಾರ ನಡೆಯುವುದು ಈ ಒಂದು ಪ್ರಾಂತದಲ್ಲಿ ಮಾತ್ರ. ಮರ 50 ಮೀಟರಿನವರೆಗೂ ಏರುತ್ತದೆ. ನಮ್ಮ ಕೊನೆಗಾರನೂ ಹತ್ತಲಾರ, ಹತ್ತುವ ಅಗತ್ಯವೂ ಇಲ್ಲ. ತೆಂಗಿನ ಚಿಪ್ಪಿನಷ್ಟು ಗಟ್ಟಿಯಾದ ಗುಂಡು ಕಾಯಿ ಮಳೆಗಾಲದಲ್ಲಿ, ಅಂದರೆ ಅಲ್ಲಿ ಡಿಸೆಂಬರಿನಿಂದ ಮಾರ್ಚಿಯವರೆಗೆ, ತಾನೇ ಬೀಳುತ್ತದೆ. ಒಂದು ಕಾಯಿ ಎರಡು ಕಿಲೋದವರೆಗೂ ತೂಗುವುದುಂಟು. ಅಷ್ಟು ಎತ್ತರದಿಂದ ತಲೆಯ ಮೇಲೆ ಬಿದ್ದರೆ ಮನುಷ್ಯ ಉಳಿಯುವುದಿಲ್ಲ. ಗಾಳಿಯಿದ್ದ ದಿನ ಆರಿಸುವವರು ಮರದ ಬುಡಕ್ಕೆ ಹೋಗುವುದಿಲ್ಲ. ಉಳಿದ ದಿನ ಕಾಯಿ ಗುಡ್ಡೆಹಾಕಿ, ಮಚ್ಚಿನಿಂದ ಒಡೆದು, ಬೀಜವನ್ನು ಮೂಟೆ ಕಟ್ಟಿ ಬೆನ್ನ ಮೇಲೆ ದೋಣಿಗೆ ತರುತ್ತಾರೆ.

ಇಷ್ಟು ಬೆಲೆಯ ಮರವನ್ನು ಸಾಲಾಗಿ ನೆಟ್ಟು ತೋಟ ಮಾಡಬಾರದೇಕೆ ಎಂದು ಬೆಳೆಗಾರನಿಗೆ ಮೊದಲು ಹೊಳೆಯುತ್ತದೆ. ಬ್ರೆಜಿಲಿನಲ್ಲಿ ಹಾಗೆ ಮಾಡಿ ನೋಡಿದ್ದಾರೆ. ಮರಗಳು ಬೆಳೆದವು, ಎದುರುನೋಡಿದ ಫಸಲು ಬರಲಿಲ್ಲ. ಹೂವಿನ ಮೇಲೆ ಮುಚ್ಚಳದಂಥ ಒಂದು ಬಿಗಿ ದಳವಿದೆ. ಅದನ್ನು ಎತ್ತಿ ಒಳನುಗ್ಗಲು ದೊಡ್ಡ, ಬಲವಾದ ದುಂಬಿಗಳೇ ಬೇಕು. ಸಣ್ಣ ಜೇನುನೊಣಕ್ಕೆ ಸಾಧ್ಯವಿಲ್ಲ. ಆ ದುಂಬಿಗಳಿಗೆ ಈ ಮರದ ಹೂವು ಕೆಲವೇ ವಾರದ ಊಟ. ವರ್ಷದ ಉಳಿದ ತಿಂಗಳು ಕಾಡಿನ ಬೇರೆ ಬೇರೆ ಹೂವುಗಳಿರಬೇಕು, ಗೂಡಿಗೆ ಒಣಮರ ಬೇಕು. ಕಾಡು ಸವರಿ ಹುಲ್ಲುಗಾವಲು ಮಾಡಿದಾಗ ನಡುವೆ ಉಳಿಸಿದ ಒಂಟಿ ಮರಗಳೂ ಇದೇ ಕಾರಣಕ್ಕೆ ಸರಿಯಾಗಿ ಫಲ ಕೊಡುವುದಿಲ್ಲ. ನಮ್ಮ ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟದು, ಅರೇಬಿಕಾ ಕಟ್ಟುತ್ತದೆ ಎಂಬುದು ಸದಸ್ಯರಿಗೆ ತಿಳಿದೇ ಇದೆ. ರೊಬಸ್ಟಾ ತೋಟದ ಅಂಚಿನ ಹೆಜ್ಜೇನಿನ ಮರ ಯಾಕೆ ಬೇಕೆಂದು ಬಲ್ಲವರಿಗೆ ಈ ಮಾತು ಹೊಸದಲ್ಲ.

ಬಿತ್ತುವವನು ಬೇರೆ. ಅಗೂಟಿ ಎಂಬ ಮೊಲದ ಗಾತ್ರದ ದಂಶಕ ಪ್ರಾಣಿ ಆ ಗಟ್ಟಿ ಕಾಯನ್ನು ಹಲ್ಲಿನಿಂದ ಕೊರೆದು, ಹೊಟ್ಟೆ ತುಂಬಿದ ಮೇಲೆ ಉಳಿದ ಬೀಜಗಳನ್ನು ಅಲ್ಲಲ್ಲಿ ಹೂಳುತ್ತದೆ. ಮರೆತವು ಮೊಳೆಯುತ್ತವೆ. ಅಗೂಟಿಯ ಮಾಂಸ ರುಚಿಯೆಂದು ಬೇಟೆಯಾಡಿ ಮುಗಿಸಿದರೆ ಹಳೆಯ ಮರಗಳು ನಿಂತಿರುತ್ತವೆ, ಸಸಿ ಇರುವುದಿಲ್ಲ. ಮಳೆಯ ಲೆಕ್ಕವೂ ಇದೆ. ಹೂವಾದ ಮೇಲೆ ಕಾಯಿ ಬಲಿಯಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. 2015-16ರ ಎಲ್ ನಿನೊ ಬರದ ಪೆಟ್ಟು 2017ರ ಫಸಲಿನಲ್ಲಿ ಕಂಡಿತು. ಪೆರು, ಬೊಲಿವಿಯ, ಬ್ರೆಜಿಲ್ ಮೂರರಲ್ಲೂ ಇಳುವರಿ ಕುಸಿಯಿತು.

ಕರಾರಿನ ವಿಷಯಕ್ಕೆ ಬರೋಣ. ದಡದಲ್ಲಿ ಇನ್ಫಿಯೆರ್ನೊ ಎಂಬ ಹಳ್ಳಿಯಿದೆ. ಹೆಸರಿನ ಅರ್ಥ ನರಕ! ಎಸೆ ಎಹಾ ಕುಟುಂಬಗಳೂ ಹೊರಗಿನಿಂದ ಬಂದು ನೆಲೆಸಿದವರೂ ಕೂಡಿ ಸುಮಾರು 10,000 ಹೆಕ್ಟೇರು ಸಾಮೂಹಿಕ ಭೂಮಿಯ ಒಡೆಯರು. 1996ರಲ್ಲಿ ಈ ಹಳ್ಳಿ ರೈನ್‌ಫಾರೆಸ್ಟ್ ಎಕ್ಸ್‌ಪೆಡಿಶನ್ಸ್ ಎಂಬ ಪ್ರವಾಸ ಕಂಪೆನಿಯ ಜೊತೆ 20 ವರ್ಷದ ಒಪ್ಪಂದ ಮಾಡಿಕೊಂಡಿತು. ಭೂಮಿ ಹಳ್ಳಿಯದು, ಅನುಭವ ಮತ್ತು ವ್ಯವಹಾರ ಕಂಪೆನಿಯದು, ವಸತಿಗೃಹ ಕಟ್ಟಲು ಅನುದಾನವೂ ಸಾಲವೂ ಬಂತು. ಲಾಭದಲ್ಲಿ ನೂರಕ್ಕೆ 60 ಹಳ್ಳಿಗೆ, 40 ಕಂಪೆನಿಗೆ. ತೀರ್ಮಾನಗಳಲ್ಲಿ ಇಬ್ಬರಿಗೂ ಸಮಪಾಲು. ಕೆಲಸ ಮೊದಲು ಹಳ್ಳಿಯವರಿಗೆ. 1998ರಲ್ಲಿ ಬಾಗಿಲು ತೆರೆದ ಆ ಗೃಹದಲ್ಲಿ ಹಳ್ಳಿಯ ಹುಡುಗರು ದೋಣಿ ನಡೆಸುವುದರಿಂದ ಆರಂಭಿಸಿ ಮಾರ್ಗದರ್ಶಕರಾದರು. ಹಳ್ಳಿಯ ಪಾಲಿನಲ್ಲಿ ಒಂದಂಶ ಕುಟುಂಬಗಳಿಗೆ ಹಂಚಿಕೆ, ಒಂದಂಶ ಊರಿನ ಕೆಲಸಕ್ಕೆ. ಎಷ್ಟೆಷ್ಟು ಎಂಬುದನ್ನು ಸರ್ವಸದಸ್ಯರ ಸಭೆಯೇ ನಿರ್ಣಯಿಸುವುದು. ಬರೀ ಕೂಲಿ ಸಿಗುವುದಕ್ಕೂ ಲೆಕ್ಕಪುಸ್ತಕ ಕೇಳುವ ಹಕ್ಕು ಇರುವುದಕ್ಕೂ ಬಹಳ ಅಂತರವಿದೆ. ಆದರೆ ಇದೊಂದನ್ನೇ ನೆಚ್ಚುವಂತಿಲ್ಲ: 2020ರ ಮಾರ್ಚಿಯಲ್ಲಿ ಪೆರು ತನ್ನ ಗಡಿ ಮುಚ್ಚಿದಾಗ ಬರುವವರೇ ಇಲ್ಲವಾದರು.

ಇದಕ್ಕೆ ಎದುರಾಗಿ ನಿಂತಿರುವುದು ಚಿನ್ನ. ನದಿಯ ಮರಳಿನಲ್ಲಿ ಚಿನ್ನದ ಧೂಳಿದೆ. ಅದನ್ನು ಪಾದರಸಕ್ಕೆ ಅಂಟಿಸಿ, ಕಾಯಿಸಿ ಪಾದರಸವನ್ನು ಆವಿ ಮಾಡಿ ಬೇರ್ಪಡಿಸುತ್ತಾರೆ. ಆವಿಯಾದದ್ದು ಮತ್ತೆ ನೀರಿಗೇ ಇಳಿಯುತ್ತದೆ. ನಿಂತ ನೀರಿನ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಇನ್ನಷ್ಟು ಕೆಟ್ಟ ವಿಷವಾಗಿ ಮಾರ್ಪಡಿಸುತ್ತವೆ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ನೀರುನಾಯಿಗೆ, ಮನುಷ್ಯನಿಗೆ ಅದು ಹೆಚ್ಚುತ್ತ ಹೋಗುತ್ತದೆ. ಸಾಗರದಿಂದ ಸಾಗರಕ್ಕೆ ಎಂದು ಮಾಡಿದ ಹೆದ್ದಾರಿಯ ಸೇತುವೆ 2011ರಲ್ಲಿ ಪ್ವೆರ್ತೊ ಮಾಲ್ದೊನಾದೊದಲ್ಲಿ ತೆರೆದ ಮೇಲೆ ಅಗೆಯುವವರಿಗೆ ದಾರಿ ಸುಲಭವಾಯಿತು. ಮೀಸಲಿನ ಅಂಚಿನ ಲಾ ಪಂಪಾ ಎಂಬಲ್ಲಿ ಸಾವಿರಾರು ಹೆಕ್ಟೇರು ಕಾಡು ಹೊಂಡಗಳಾಗಿ ಹೋಯಿತು. 2016ರಲ್ಲಿ ಸರಕಾರ ಪಾದರಸದ ಕಾರಣಕ್ಕೆ 60 ದಿನಗಳ ತುರ್ತುಸ್ಥಿತಿ ಘೋಷಿಸಿತು. 2019ರ ಫೆಬ್ರವರಿಯಲ್ಲಿ ಪೊಲೀಸರನ್ನೂ ಸೈನ್ಯವನ್ನೂ ಕಳಿಸಿತು. ಅಗೆತ ಆಚೀಚೆ ಸರಿಯಿತೇ ಹೊರತು ನಿಲ್ಲಲಿಲ್ಲ. ಮಾಲಿನೋವ್ಸ್ಕಿ ಎಂಬ ಉಪನದಿ ಈ ಅಗೆತದ ಕಡೆಯಿಂದಲೇ ಬಂದು ತಂಬೊಪಾತಾವನ್ನು ಕೂಡುತ್ತದೆ, ಕೂಡುವಲ್ಲಿಯೇ ಕಾವಲು ಠಾಣೆ. ಪ್ರವಾಸಿಗಳು ದರೆಯ ಗಿಣಿ ನೋಡಲು ಹೋಗುವುದು ಇದೇ ದಾರಿಯಲ್ಲಿ.

ಅಲ್ಲಿಂದ ಮೇಲೆ, ಸಾಮಾನ್ಯ ಪ್ರವಾಸದ ದೋಣಿ ಹೋಗದಷ್ಟು ಮೇಲೆ, ಸಾಂದಿಯಾ ಕಣಿವೆಯ ಕಾಫಿ ಬೆಳೆಗಾರರಿದ್ದಾರೆ. ಕೆಚ್ವಾ ಮತ್ತು ಐಮಾರ ಜನ; ಅವರ ಸಂಘಗಳು ಕೂಡಿ 1970ರಲ್ಲಿ ಸೆಕೋವಾಸಾ ಎಂಬ ಕೇಂದ್ರ ಸಹಕಾರ ಸಂಘ ಕಟ್ಟಿದವು. ಅವರ ತುಂಕಿ ಎಂಬ ಕಾಫಿಗೆ ಅಲ್ಲಿನ ಕಾಡಿನ ಒಂದು ಕೆಂಪು ಹಕ್ಕಿಯ ಹೆಸರು. 2013ರ ಹೊತ್ತಿಗೆ ಎಲೆತುಕ್ಕು ರೋಗ ಪೆರುವಿನ ತೋಟಗಳನ್ನು ಹಾಳುಮಾಡಿತು. ಈ ಕಣಿವೆಯಲ್ಲಿ ಕಾಫಿ ಸೋತಲ್ಲಿ ಕೋಕಾ ಎಲೆಯ ಬೆಳೆ ಬಂದು ಕೂತಿತು. ಮೇಲೆ ಕಾಫಿಗೆ ಬೆಲೆ ಸಿಕ್ಕದಿದ್ದರೆ ಕೆಳಗೆ ಉದ್ಯಾನದ ಗಡಿಗೆ ಕಾವಲುಗಾರ ಎಷ್ಟು ಮಂದಿ ಇದ್ದರೂ ಸಾಲರು.

ಹೋಗಬೇಕೆನ್ನುವವರಿಗೆ ಎರಡು ಮಾತು. ಲೀಮಾದಿಂದ ಕುಸ್ಕೊ ಮೇಲಾಗಿ ವಿಮಾನವಿದೆ. ಹಳದಿಜ್ವರದ ಚುಚ್ಚುಮದ್ದಿನ ದಾಖಲೆ ಇಲ್ಲದೆ ಪೆರುವಿನಿಂದ ಮರಳಿದರೆ ನಮ್ಮ ನಿಲ್ದಾಣದಲ್ಲಿ ತಡೆಯುತ್ತಾರೆ. ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಬೇಕು. ಮೇಯಿಂದ ಅಕ್ಟೋಬರಿನವರೆಗೆ ಮಳೆ ಕಡಿಮೆ, ಪ್ರಾಣಿ ಕಾಣುವುದು ಸುಲಭ. ಆದರೆ ಜೂನ್, ಜುಲೈನಲ್ಲಿ ದಕ್ಷಿಣದಿಂದ ಒಮ್ಮೊಮ್ಮೆ ಶೀತಗಾಳಿ ನುಗ್ಗಿ, ಉಷ್ಣಕಾಡಿನಲ್ಲೂ ಕಂಬಳಿ ಹೊದೆಯುವಂತಾಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಹೋದವರು ಮಳೆಯಲ್ಲಿ ನೆನೆಯುತ್ತಾರೆ, ಕಾಲುದಾರಿ ಕೆಸರು. ಕಾಯಿ ಆರಿಸುವವರ ಮೂಟೆ ತುಂಬಿದ ದೋಣಿಗಳು ಕೆಳಗಿಳಿಯುವುದು ಆಗಲೇ.