ಹಳೆಯ ಪಿಕಪ್ ಕೊಳ್ಳುವ ಮುನ್ನ



ಬೆಳಕು ಹರಿಯುವ ಮೊದಲೇ ಬಳ್ಳಾರಿ ರಸ್ತೆಯಲ್ಲಿ ಯಲಹಂಕದಿಂದ ಹೆಬ್ಬಾಳದ ಕಡೆಗೆ ಸಾಲುಗಟ್ಟಿ ಬರುವ ಸಣ್ಣ ಸರಕು ಗಾಡಿಗಳನ್ನು ನೀವು ನೋಡಿರುತ್ತೀರಿ. ಚಿಕ್ಕಬಳ್ಳಾಪುರದ ಕಡೆಯ ಹೂವು, ತರಕಾರಿ, ದ್ರಾಕ್ಷಿ ಊರೊಳಗೆ ಬರುವುದು ಇವುಗಳಲ್ಲೇ. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನಿಂದ ಆರ್.ಟಿ. ನಗರದ ದಿನಸಿ ಅಂಗಡಿಗೆ ಮೂಟೆ ಮುಟ್ಟಿಸುವುದೂ ಇವೇ. ಇವನ್ನು ಓಡಿಸುವವರೆಲ್ಲ ಹೊಸ ಗಾಡಿ ಕೊಂಡವರಲ್ಲ. ಎಷ್ಟೋ ಮನೆಗಳಲ್ಲಿ ಮೊದಲ ಸ್ವಂತ ಉದ್ಯೋಗ ಶುರುವಾಗುವುದು ಒಂದು ಸೆಕೆಂಡ್ ಹ್ಯಾಂಡ್ ಪಿಕಪ್‌ನಿಂದ. ಅಂಥ ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ಗಾಡಿ ಓಡಿಸುವುದು ಚೆನ್ನಾಗಿ ಗೊತ್ತಿರುತ್ತದೆ. ಇಂಗ್ಲಿಷಿನಲ್ಲಿರುವ ಫಾರಂ ಓದಬಲ್ಲವರು ಮಾತ್ರ ನೀವೇ ಆಗಿರುತ್ತೀರಿ. ಆದ್ದರಿಂದ ಈ ವಿಷಯ ದೊಡ್ಡವರದ್ದು ಎಂದು ಪುಟ ಮಗುಚಬೇಡಿ.

ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ನೋಡುವುದು ಬಣ್ಣ. ಆಮೇಲೆ ಎಂಜಿನ್ನಿನ ಶಬ್ದ ಕೇಳುತ್ತಾರೆ, ಬಗ್ಗಿ ಚಾಸಿಸ್ ನೋಡುತ್ತಾರೆ. ಕಾಗದಪತ್ರ ನೋಡುವುದು ಮುಂಗಡ ಕೊಟ್ಟ ಮೇಲೆ! ಈ ಕ್ರಮವನ್ನು ಪೂರ್ತಿ ತಲೆಕೆಳಗು ಮಾಡಬೇಕು. ಬಣ್ಣವನ್ನು ಕೆಲವೇ ದಿನಗಳಲ್ಲಿ ಹೊಡೆಸಬಹುದು. ಹಣವಿದ್ದರೆ ಎಂಜಿನ್ನನ್ನೂ ಬಿಚ್ಚಿ ಹೊಸದರಂತೆ ಕಟ್ಟಿಸಬಹುದು. ಬಿರುಕು ಬಿಟ್ಟ ಚಾಸಿಸ್ಸನ್ನು ನಂಬುವುದು ಕಷ್ಟ. ಕಾಗದ ಕೆಟ್ಟಿದ್ದರೆ ಅದನ್ನು ರಿಪೇರಿ ಮಾಡುವ ಗ್ಯಾರೇಜು ಎಲ್ಲೂ ಇಲ್ಲ.

ಕಾಗದದಿಂದಲೇ ಆರಂಭಿಸೋಣ. ನಮ್ಮ ಭಾಗದ ಗಾಡಿಗಳಲ್ಲಿ ಕೆಎ 04 ಎಂದಿದ್ದರೆ ಅದು ಯಶವಂತಪುರದ ಆರ್.ಟಿ.ಓ. ಕಚೇರಿಯ ನೋಂದಣಿ; ಕೆಎ 50 ಯಲಹಂಕದ್ದು, ಕೆಎ 43 ದೇವನಹಳ್ಳಿಯದು, ಕೆಎ 40 ಚಿಕ್ಕಬಳ್ಳಾಪುರದ್ದು. ಹಿಂದೂಪುರದಂಥ ಗಡಿಯಾಚೆಯ ಊರಿನಿಂದ ಬಂದ ಗಾಡಿ ಅಗ್ಗವಾಗಿ ಕಾಣಬಹುದು. ಆದರೆ ಅದಕ್ಕೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲೇ ಇರುವುದಾದರೆ ಹೊಸ ನಂಬರನ್ನೂ ಪಡೆಯಬೇಕು. ಇವೆಲ್ಲ ಸೇರಿಸಿ ಲೆಕ್ಕ ಹಾಕಿದರೆ ಅಗ್ಗ ಎಷ್ಟು ಉಳಿಯುತ್ತದೆಂದು ನೀವೇ ನೋಡಿ.

ಆರ್.ಸಿ.ಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರು ಇದೆಯೇ ನೋಡಿ. ಇದ್ದರೆ, ಸಾಲ ತೀರಿದೆ ಎಂಬ ಪತ್ರ ಹಾಗೂ ಅವರು ಸಹಿ ಮಾಡಿದ ಫಾರಂ 35 ಕೈಗೆ ಬರುವವರೆಗೆ ಹಣ ಕೊಡಬಾರದು. ಅನಂತರ ಎಫ್.ಸಿ., ಅಂದರೆ ಗಾಡಿ ರಸ್ತೆಗೆ ಯೋಗ್ಯ ಎಂಬ ಪತ್ರ. ಸರಕು ವಾಹನಕ್ಕೆ ಎಂಟು ವರ್ಷವಾಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಇದನ್ನು ಮಾಡಿಸಬೇಕು. 15 ವರ್ಷ ದಾಟಿದ ಗಾಡಿಗಳ ಎಫ್.ಸಿ. ಶುಲ್ಕವನ್ನು 2022ರ ಏಪ್ರಿಲ್‌ನಿಂದ ಬಹಳವಾಗಿ ಏರಿಸಲಾಯಿತು. ಹದಿನಾಲ್ಕು ವರ್ಷದ ಗಾಡಿ ಹನ್ನೆರಡು ವರ್ಷದ್ದಕ್ಕಿಂತ ಅಷ್ಟೊಂದು ಕಡಿಮೆ ಬೆಲೆಗೆ ಸಿಗುವುದೇಕೆ ಎಂಬುದಕ್ಕೆ ಇದೂ ಒಂದು ಕಾರಣ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಹೆಸರು ಬದಲಾವಣೆ. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಮನೆಯ ಬೀರುವಿನಲ್ಲಿ ಇಟ್ಟುಕೊಳ್ಳುವುದು ನಮ್ಮಲ್ಲಿ ಬಹಳ ಕಾಲದ ಅಭ್ಯಾಸ. ಗಾಡಿಯನ್ನು ಮತ್ತೆ ಮಾರುವಾಗ ಖರ್ಚು ಉಳಿಯುತ್ತದಲ್ಲ ಎಂಬ ಲೆಕ್ಕಾಚಾರ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ರಾಜ್ಯದೊಳಗೆ ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ಕಚೇರಿಗೆ ತಿಳಿಸಬೇಕು. ತಿಳಿಸದಿದ್ದರೆ ಏನಾಗುತ್ತದೆ? 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ ಕಾರೊಂದು ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿತ್ತು, ಆರ್.ಸಿ.ಯಲ್ಲಿ ಮಾತ್ರ ಮೊದಲಿನವನ ಹೆಸರೇ ಉಳಿದಿತ್ತು. 2009ರಲ್ಲಿ ಆ ಕಾರು ಅಪಘಾತ ಮಾಡಿತು. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ನ್ಯಾಯಾಲಯ ಹೇಳಿತು. ಗಾಡಿ ಮಾರಿ ಮರೆತುಬಿಟ್ಟವನ ಮನೆ ಬಾಗಿಲಿಗೆ ನೋಟೀಸು ಬರುವುದೆಂದರೆ ಇದೇ. ನಿಮ್ಮ ಮನೆಯವರು ಹಳೆಯ ಗಾಡಿ ಮಾರುವಾಗಲೂ ಈ ಮಾತು ನೆನಪಿರಲಿ. ವಿಮೆಯ ವರ್ಗಾವಣೆಗೂ ಹದಿನಾಲ್ಕು ದಿನಗಳಲ್ಲಿ ಅರ್ಜಿ ಹಾಕಬೇಕು.

ಪರ್ಮಿಟ್ಟಿನ ಮಾತು ಚಿಕ್ಕದು. ಸರಕು ಸೇರಿ ಒಟ್ಟು ತೂಕ 3000 ಕೆ.ಜಿ. ಮೀರದ ಗಾಡಿಗೆ ಅದು ಬೇಡ. 2005ರಲ್ಲಿ ಬಂದ, ಜನ 'ಛೋಟಾ ಹಾಥಿ' ಎಂದು ಕರೆಯುವ ಟಾಟಾ ಏಸ್‌ಗೆ ಬೇಡ. 1986ರಲ್ಲಿ ಬಂದ ಟಾಟಾ 407ಕ್ಕೆ ಬೇಕು. ಎರಡನ್ನೂ ಎಲ್.ಎಂ.ವಿ. ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಮಿತಿ 7500 ಕೆ.ಜಿ.

ಕಾಗದ ಸರಿಯಿದ್ದರೆ ಗಾಡಿಯ ಹತ್ತಿರ ಹೋಗೋಣ. ಒಂದು ಬಿಳಿ ಹಾಳೆ, ಮೆತ್ತನೆಯ ಪೆನ್ಸಿಲು ಜೊತೆಗಿರಲಿ. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿ ಅಚ್ಚು ತೆಗೆದಿದ್ದೀರಲ್ಲವೇ? ಚಾಸಿಸ್ಸಿನ ಮೇಲೆ ಒತ್ತಿರುವ ನಂಬರನ್ನೂ ಹಾಗೆಯೇ ತೆಗೆಯಿರಿ. ಆರ್.ಟಿ.ಓ. ಅರ್ಜಿಗೂ ಇದೇ ಅಚ್ಚು ಬೇಕಾಗುತ್ತದೆ. ಅಕ್ಷರಗಳು ಒಂದೇ ಆಳದಲ್ಲಿ, ಒಂದೇ ಸಾಲಿನಲ್ಲಿ ಇರಬೇಕು. ಸುತ್ತ ಉಜ್ಜಿದ ಗುರುತೋ ಬೆಸುಗೆಯ ಗುರುತೋ ಕಂಡರೆ ಬೆಲೆ ಕೇಳುವುದೂ ಬೇಡ, ಮನೆಗೆ ಬನ್ನಿ.

ಹಿಂದಿನ ಚಕ್ರಗಳ ಹತ್ತಿರ ಬಗ್ಗಿ ನೋಡಿ. ಸ್ಪ್ರಿಂಗ್ ಪಟ್ಟಿಗಳನ್ನು ಎಣಿಸಿ. ಎರಡೂ ಬದಿ ಒಂದೇ ಲೆಕ್ಕವಿರಬೇಕು. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಪಟ್ಟಿ ಸೇರಿಸಿದ್ದರೆ ಆ ಗಾಡಿ ಮಿತಿಮೀರಿ ಹೊರೆ ಹೊತ್ತಿದೆ ಎಂದು ಬಾಯಿಬಿಟ್ಟು ಹೇಳಿದಂತೆಯೇ. ಪಟ್ಟಿ ಸೇರಿಸಿದರೆ ಗಾಡಿ ಕುಸಿಯುವುದಿಲ್ಲ ನಿಜ, ಆದರೆ ಬ್ರೇಕು, ಆಕ್ಸಲ್, ಚಾಸಿಸ್ ಹಳೆಯವೇ ಅಲ್ಲವೇ? ಭೌತಶಾಸ್ತ್ರದ ಚಲನ ಶಕ್ತಿಯ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲ ಏಸ್ ಗಾಡಿಯ ಸ್ವಂತ ತೂಕ ಸುಮಾರು 800 ಕೆ.ಜಿ., ಹೊರಬಹುದಾದದ್ದು ಸುಮಾರು 750, ಅಂದರೆ ಐವತ್ತು ಕೆ.ಜಿ.ಯ ಹದಿನೈದು ಮೂಟೆ. ಇಪ್ಪತ್ತೈದು ಮೂಟೆ ಹೇರಿದರೆ ಒಟ್ಟು ತೂಕ 1550ರಿಂದ 2050ಕ್ಕೆ ಏರುತ್ತದೆ. ಅದೇ ವೇಗದಲ್ಲಿ ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ ಬ್ರೇಕು ಹೀರಬೇಕಾದ ಶಕ್ತಿ ಸುಮಾರು ಮೂರನೇ ಒಂದು ಪಾಲು ಹೆಚ್ಚು. ವರ್ಷಗಟ್ಟಲೆ ಹೀಗೆ ಓಡಿದ ಗಾಡಿಯಲ್ಲಿ ಸ್ಪ್ರಿಂಗು ಚಾಸಿಸ್ಸಿಗೆ ಸೇರುವ ಜಾಗದಲ್ಲೇ ಬಿರುಕು ಹುಟ್ಟುವುದು. ಅಲ್ಲಿ ಹೊಸ ಕಪ್ಪು ಬಣ್ಣ ದಪ್ಪಗೆ ಬಳಿದಿದ್ದರೆ ಉಗುರಿನಿಂದ ಕೆರೆದು ನೋಡಲು ಸಂಕೋಚ ಬೇಡ.

ಎಂಜಿನ್ನನ್ನು ತಣ್ಣಗಿರುವಾಗಲೇ ನೋಡಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಜೋರಾಗಿ ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಪಿಸ್ಟನ್ನಿನ ರಿಂಗುಗಳು ಸವೆದಿದ್ದರೆ ಗಾಳಿ ಸೋರಿ ಆ ಕಾವು ಬರುವುದಿಲ್ಲ. ಹೀಗಾಗಿ ಬೆಳಗಿನ ಚಳಿಯಲ್ಲಿ ಹಠ ಮಾಡುವ ಗಾಡಿ ಮಧ್ಯಾಹ್ನ ಒಂದೇ ಸಲಕ್ಕೆ ಶುರುವಾಗುತ್ತದೆ. ನೀವು ಬರುವ ಹೊತ್ತಿಗೆ ಮಾರುವವರು 'ಒಂದು ರೌಂಡು ಹೋಗಿ ಬಂದೆ' ಎಂದರೆ, ನಾಳೆ ಆರು ಗಂಟೆಗೆ ಬರುತ್ತೇವೆ ಎನ್ನಿ. ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆರೆಸಿ. ಹೊಗೆ ಬುಸುಗುಟ್ಟಿ ಬಂದರೆ ರಿಂಗು ಸವೆದಿವೆ. ಸೈಲೆನ್ಸರಿನ ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದನ್ನೂ, ಕಪ್ಪು ಹೊಗೆ ಗಾಳಿ ಕಡಿಮೆಯಾಗಿ ಡೀಸೆಲ್ ಹೆಚ್ಚಾಗಿರುವುದನ್ನೂ ತೋರಿಸುತ್ತದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಅರ್ಧ ಉರಿದ ಡೀಸೆಲ್ಲಿನ ವಾಸನೆಯೋ ಕೂಲೆಂಟಿನ ಸಿಹಿ ವಾಸನೆಯೋ ಮೂಸಿ ತಿಳಿಯಬೇಕು. ಟಿ.ವಿ. ಪರದೆಯಿಂದ ವಾಸನೆ ಬರುವುದಿಲ್ಲವಾದ್ದರಿಂದ ಇದನ್ನು ಇಲ್ಲೇ ಬರೆದಿದ್ದೇವೆ!

ಕಿಲೋಮೀಟರ್ ಮೀಟರನ್ನು ನಂಬಬೇಡಿ, ಪೆಡಲಿನ ರಬ್ಬರು ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು.

ಕೊಂಡ ಮೇಲೆ ರಿಪೇರಿ. ಮೊದಲ ಹಣ ಬ್ರೇಕು, ಸ್ಟೇರಿಂಗು, ಟೈರು, ದೀಪಗಳಿಗೆ ಹೋಗಬೇಕು. ಗಾಡಿಯ ಹಿಂದೆ 'ತಾಯಿಯ ಆಶೀರ್ವಾದ' ಬರೆಸುವ ಆಸೆ ಸಹಜವೇ, ಆದರೆ ಪೇಂಟರ್ ಕೊನೆಗೆ ಬರಲಿ. ಗುಜರಿಯಲ್ಲಿ ಬಾಗಿಲು, ಬಂಪರ್, ಗಾಜು, ಸೀಟು ಧಾರಾಳವಾಗಿ ಕೊಳ್ಳಬಹುದು, ಬಿಲ್ಲು ಕೇಳಿ ಪಡೆಯಿರಿ. ಬ್ರೇಕಿನ ಸಿಲಿಂಡರು, ಹೋಸ್ ಪೈಪು, ಸ್ಟೇರಿಂಗಿನ ಕೀಲುಗಳನ್ನು ಮಾತ್ರ ಜೆ.ಸಿ. ರಸ್ತೆಗೆ ಹೋಗಿ ಹೊಸದೇ ತನ್ನಿ. ಯಾವ ಭಾರತ್ ಸ್ಟೇಜ್‌ನ ಗಾಡಿ ಎಂಬುದನ್ನೂ ಗಮನಿಸಿ. ಹಳೆಯ ಡೀಸೆಲ್ ಪಂಪಿನ ಎಂಜಿನ್ನನ್ನು ಬೀದಿಯ ಮೆಕ್ಯಾನಿಕ್ ಕೈಯಳತೆಯಲ್ಲೇ ಸರಿಪಡಿಸುತ್ತಾನೆ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಎಂಜಿನ್ನಿಗೆ ಸ್ಕ್ಯಾನರ್ ಇರುವ ಗ್ಯಾರೇಜೇ ಬೇಕು.

ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗು ಹಾಕಿಸಿದ್ದರೆ ಮೊದಲ ಸಾವಿರ ಕಿಲೋಮೀಟರ್ ಅರ್ಧ ಲೋಡಿಗಿಂತ ಹೆಚ್ಚು ಹೇರಬೇಡಿ, ಎಂಜಿನ್ನನ್ನು ಕಿರುಚಿಸಬೇಡಿ. ರಿಂಗು ಮತ್ತು ಸಿಲಿಂಡರಿನ ಗೋಡೆ ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿ ಆಯಿಲ್‌ನಲ್ಲಿ ಸೇರಿರುತ್ತದೆ. ಆ ಸಾವಿರ ಮುಗಿದ ದಿನವೇ ಆಯಿಲನ್ನೂ ಫಿಲ್ಟರನ್ನೂ ಬದಲಿಸಿ, ದಿನಾಂಕವನ್ನೂ ಮೀಟರಿನ ಅಂಕಿಯನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ.